ಕವಿ ಅಮೋಗಸಿದ್ಧನ ಹೊಟ್ಟೆಬೇನೆ

ಓದಲು ಬಾರದವನು ಪುಸ್ತಕ ಬರೆಯಬಾರದು ಎಂಬ ಕಾನೂನು ಎಲ್ಲಿಯೂ ಇಲ್ಲ. ಮರಾಠಿ ಸೀಮೆಯ ಅಕ್ಕಲಕೋಟ ತಾಲೂಕಿನ ಕನ್ನಡ ಸಾಲೆಗಳಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ನಾನು, ಕಲ್ಯಾಣಪ್ಪ, ಇದನ್ನು ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ಆದರೆ ಕಾನೂನು ಇಲ್ಲದ ಕಡೆಯಲ್ಲೂ ಅಂಜಿಕೆ ಇರುತ್ತದೆ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಾಗುವುದಿಲ್ಲ.

ತಡವಳದ ಅಮೋಗಸಿದ್ಧನ ಮಾತು ಇದು. ಅವನದು ಕುರಿ ಕಾಯುವ ಮನೆತನ. ವರ್ಷದಲ್ಲಿ ಆರು ತಿಂಗಳು ಅಪ್ಪ ಕುರಿ ಹೊಡೆದುಕೊಂಡು ಪಂಢರಪುರದ ಕಡೆ ಇರುತ್ತಿದ್ದುದರಿಂದ ಹುಡುಗ ಅಲ್ಲಿಯ ಮರಾಠಿ ಸಾಲೆಗೆ ಬಿದ್ದ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಹೀಗಾಗಿ ಅವನು ಡೊಳ್ಳಿನ ಹಾಡುಗಳನ್ನು ಕಟ್ಟುವುದು ಅಚ್ಚ ಕನ್ನಡದಲ್ಲಿ, ವಹಿಯಲ್ಲಿ ಬರೆದಿಡುವುದು ಮರಾಠಿ ಅಕ್ಷರಗಳಲ್ಲಿ. ಕನ್ನಡ ಲಿಪಿಯಲ್ಲಿ ಅವನಿಗೆ ಗುರುತಿದ್ದ ಶಬ್ದ ಒಂದೇ: ಬಸ್ಸಿನ ನೆತ್ತಿಯ ಮೇಲಿನ ಊರ ಹೆಸರು ‘ಇಂಡಿ’. ಅದೂ ಗಿಡ್ಡ ಇರುತ್ತದೆ ಎಂಬ ಕಾರಣಕ್ಕೆ.

ಆದರೆ ಹಾಡಿನಲ್ಲಿ ಅವನನ್ನು ಹಿಡಿಯುವವರಿಲ್ಲ. ನಮ್ಮ ಕಡೆ ಬೀರೋಬಾನ ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ, ನಿಂತ ಕಾಲ ಮೇಲೆ, ಜವಾಬು ಕೊಡಬೇಕು. ಕೊಡಲಾಗದವರು ಡೊಳ್ಳು ಕೆಳಗಿಡಬೇಕು. ನಾಗಣಸೂರಿನ ಭೀಮಣ್ಣ, ಮೀಸೆಯೇ ಅರ್ಧ ಮುಖ ಇರುವ ಹಾಡುಗಾರ, ಅಮೋಗಸಿದ್ಧನ ಮುಂದೆ ಸತತ ಮೂರು ವರ್ಷ ಡೊಳ್ಳು ಕೆಳಗಿಟ್ಟಿದ್ದ. ಅವತ್ತಿನಿಂದ ಇಬ್ಬರಿಗೂ ಮಾತುಕತೆ ಇಲ್ಲ.

ಈ ಪ್ರತಿಭೆಯನ್ನು ಕಂಡುಹಿಡಿದವನು ನಾನು. ಅವನ ವಹಿ ಇಸಿದುಕೊಂಡು, ಹಾಡುಗಳನ್ನೆಲ್ಲ ಕನ್ನಡ ಅಕ್ಷರಕ್ಕೆ ಇಳಿಸಿ, ‘ಕಂಬಳಿಕೊಪ್ಪಿ’ ಎಂದು ಪುಸ್ತಕ ಅಚ್ಚು ಹಾಕಿಸಿದೆ. ಹಾಡುಗಳು ನಲವತ್ತೆಂಟು ಪುಟ, ನನ್ನ ಮುನ್ನುಡಿ ಇಪ್ಪತ್ತೆರಡು ಪುಟ. ಮುನ್ನುಡಿ ಉದ್ದವಾಯಿತು ಎಂದು ಕೆಲವರು ಆಡಿಕೊಂಡರು. ಹಾಡುಗಳೇ ಗಿಡ್ಡವಾದವು ಎಂದು ಅವರಿಗೆ ಹೊಳೆಯಲಿಲ್ಲ.

ಪುಸ್ತಕ ಕೈಗೆ ಬಂದ ದಿನವೇ ಅಮೋಗಸಿದ್ಧ ನನ್ನ ಕೈ ಹಿಡಿದುಕೊಂಡ.

“ಮಾಸ್ತರ, ನನಗ ಕನ್ನಡ ಓದಾಕ ಬರಂಗಿಲ್ಲ ಅನ್ನೂದು ಯಾರ ಮುಂದೂ ಹೇಳಬ್ಯಾಡ್ರಿ.”

“ಯಾಕೋ? ಅದರಾಗ ಏನ್ ತಪ್ಪದ?”

“ಗೊತ್ತಾದ್ರ ಮಂದಿ ಏನಂತಾರ? ಹಾಡ ಮಾಸ್ತರ ಬರದಾರ, ಇಂವ ಬರೇ ಹೆಸರ ಹಾಕ್ಕೊಂಡಾನ ಅಂತಾರ. ಹಾಡ ಕಸಗೊಂಡ್ರ ನನ್ನ ಹಂತ್ಯಾಕ ಏನ್ ಉಳೀತದರಿ?”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಕ್ಷರ ಬಾರದ ಕವಿಗೆ ಮುನ್ನುಡಿ ಬರೆದವನು ಎಂದು ನನ್ನನ್ನೂ ನಾಲ್ಕು ಜನ ಆಡಿಕೊಳ್ಳಬಾರದಲ್ಲ.

ಅಮೋಗಸಿದ್ಧ ಸೋಲಾಪುರದ ನವಿಪೇಠದಲ್ಲಿ ಮಲಕಾಜಪ್ಪ ಸಾವಕಾರರ ಚಾದರದ ದುಕಾನಿನಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಮುಂದೆ ಚಾದರ ಬಿಚ್ಚಿ ಹರವುವುದು, ಮತ್ತೆ ಮಡಿಸುವುದು. ಹದಿನಾಲ್ಕು ವರ್ಷ ಅವನನ್ನು “ಏ, ಆ ಹಸರಂದ ತಗಿ” ಎಂದು ಕರೆಯುತ್ತಿದ್ದ ಸಾವಕಾರರು ಪುಸ್ತಕ ಬಂದ ಮರುದಿನದಿಂದ “ಕವಿಗಳ, ಆ ಹಸರಂದ ತಗೀರಿ” ಎನ್ನತೊಡಗಿದರು. ಪುಸ್ತಕವನ್ನು ರೊಕ್ಕದ ಗಲ್ಲೆಯ ಪಕ್ಕ ಗಣಪತಿ ಫೋಟೋದ ಕೆಳಗೆ ಇಟ್ಟರು. ಸಾವಕಾರರಿಗೂ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಆದರೆ ಅವರು ವ್ಯಾಪಾರಸ್ಥರು, ಕವಿಗಳಲ್ಲ. ಅದಕ್ಕೇ ಅವರಿಗೆ ಅಂಜಿಕೆ ಇರಲಿಲ್ಲ.

ಒಂದು ದಿನ ಕಲಬುರಗಿಯ ವ್ಯಾಪಾರಿಯಿಂದ ಕನ್ನಡದಲ್ಲಿ ಪತ್ರ ಬಂತು.

“ಕವಿಗಳ, ಇದರಾಗ ಏನ್ ಬರದಾನ ಓದ್ರಿ ಜರಾ.”

ಅಮೋಗಸಿದ್ಧ ಪತ್ರ ಹಿಡಿದ. “ಬಂದೆರಿ ಸಾವಕಾರ್ರ,” ಎಂದವನೇ ದುಕಾನಿನ ಹಿಂದಿನ ಸಂಡಾಸಕ್ಕೆ ಹೋಗಿ ಕದ ಹಾಕಿಕೊಂಡ. ಫೋಟೋ ತೆಗೆದರೆ ಕನ್ನಡವನ್ನು ಮರಾಠಿ ಮಾಡಿ ತೋರಿಸುವ ಸೌಕರ್ಯ ಅವನ ಮೊಬೈಲಿನಲ್ಲಿತ್ತು. ಹದಿನೈದು ನಿಮಿಷದ ಮೇಲೆ ಹೊರಬಂದು, ಹಣೆಯ ಬೆವರು ಒರೆಸಿಕೊಳ್ಳುತ್ತ, ಪತ್ರವನ್ನು ನೋಡಿ ಓದುವವನಂತೆ ಗಡಗಡ ಒಪ್ಪಿಸಿದ. ಸಾವಕಾರರು ತಲೆದೂಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಓದುವ ಮನುಷ್ಯ ಸಿಕ್ಕ ಎಂದು ಗೊತ್ತಾದರೆ ಓದಿಸುವವರಿಗೇನು ಬರ? ಲಗ್ನಪತ್ರಿಕೆ ಬಂದವು. ಆಳಂದ ಕಡೆಯ ಹೊಲದ ನೋಟೀಸು ಬಂತು. ಪಕ್ಕದ ದುಕಾನದವರು ಗುಳಿಗೆ ಡಬ್ಬಿ ತಂದರು. ಸಾವಕಾರರ ಮೊಬೈಲಿಗೆ ವಿಜಯಪುರದ ಬೀಗರು ಕನ್ನಡದಲ್ಲಿ ಶುಭಾಶಯ ಕಳಿಸಿದರೆ ಆ ಮೊಬೈಲೂ ಸಂಡಾಸಕ್ಕೆ ಹೋಗಿ ಬರುತ್ತಿತ್ತು. ಸಾವಕಾರರು ಅದನ್ನು ಟಾವೆಲ್ಲಿನಿಂದ ಒರೆಸಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ದಿನಕ್ಕೆ ಐದು ಸಲ, ಆರು ಸಲ. ಪ್ರತಿ ಸಲ ಹೋಗುವಾಗ ಮುಖ ಬಿಳಿಚಿರುತ್ತಿತ್ತು, ಬರುವಾಗ ಅಂಗಿ ತೊಯ್ದಿರುತ್ತಿತ್ತು.

ಇದನ್ನು ಮೊದಲು ಗಮನಿಸಿದವರು ಸಾವಕಾರರ ಹೆಂಡತಿ ಕಸ್ತೂರಬಾಯಿ. ದುಕಾನಿನ ಮೇಲೆಯೇ ಅವರ ಮನೆ. ಹಿಂದಿನ ಕಿಡಕಿಯಿಂದ ಸಂಡಾಸದ ಕದ ನೇರವಾಗಿ ಕಾಣುತ್ತದೆ.

“ಅಯ್ಯ, ಕವಿಗಳ ಹೊಟ್ಟಿ ಪೂರಾ ಕೆಟ್ಟದ. ಮುಂಜಾನಿಯಿಂದ ಐದು ಸರ್ತೆ ಎಣಿಸೀನಿ ನಾ,” ಎಂದರು ಗಂಡನಿಗೆ.

“ಕವಿಗಳದು ನಾಜೂಕ ಪ್ರಕೃತಿ ಇರ್ತದ,” ಎಂದರು ಸಾವಕಾರರು ತಿಳಿದವರಂತೆ.

ಅಂದಿನಿಂದ ಅಮೋಗಸಿದ್ಧನ ಊಟದ ಡಬ್ಬಿ ಬಂದ್ ಆಯಿತು. ಜೋಳದ ರೊಟ್ಟಿ, ಸೇಂಗಾದ ಹಿಂಡಿ, ಹಸಿಮೆಣಸಿನಕಾಯಿ ತಿನ್ನುವ ಮನುಷ್ಯನಿಗೆ ಮೇಲಿನಿಂದ ಮೊಸರನ್ನ ಇಳಿದು ಬರತೊಡಗಿತು. ಹಿಂದೆಯೇ ಓಂಕಾಳಿನ ನೀರು. ಕಸ್ತೂರಬಾಯಿ ಅಷ್ಟಕ್ಕೆ ಬಿಡದೆ ಅವನ ಹೆಂಡತಿ ಶೀತಲಳಿಗೆ ಫೋನು ಮಾಡಿ ರಾತ್ರಿಯೂ ಗಂಜಿಯನ್ನೇ ಕೊಡಬೇಕೆಂದು ತಾಕೀತು ಮಾಡಿದರು. “ಹೊಟ್ಟಿಗಿ ಏನೂ ಆಗಿಲ್ಲ ವೈನಿ,” ಎಂದು ಅಮೋಗಸಿದ್ಧ ಒಂದು ಸಲ ಹೇಳಿ ನೋಡಿದ. “ಹಂಗಾದ್ರ ಅಷ್ಟೊತ್ತ ಒಳಗ ಕುಂತು ಏನ್ ಮಾಡ್ತಿ?” ಎಂದು ಅವರು ಕೇಳಿದರು. ಅವನು ಹೊಟ್ಟೆ ಹಿಡಿದುಕೊಂಡು, “ಜರಾ ಮುರೀತದ್ರಿ,” ಎಂದುಬಿಟ್ಟ.

ಮೂರು ವಾರ ಗಂಜಿ ಕುಡಿದರೆ ಪೈಲವಾನನೂ ಇಳಿಯುತ್ತಾನೆ. ಅಮೋಗಸಿದ್ಧನ ಗಲ್ಲ ಒಳಗೆ ಹೋದವು, ಕಣ್ಣು ಹೊರಗೆ ಬಂದವು. ಈಗ ಸಾವಕಾರರಿಗೇ ಗಾಬರಿಯಾಗಿ, ಜೀಪಿನಲ್ಲಿ ಕೂರಿಸಿಕೊಂಡು ದೊಡ್ಡ ದವಾಖಾನೆಗೆ ಕರೆದೊಯ್ದರು. ಡಾಕ್ಟರು ರಕ್ತ ತೆಗೆದರು, ಹೊಟ್ಟೆಯ ಫೋಟೋ ತೆಗೆದರು, ಎಲ್ಲ ನೋಡಿ, “ಕಾಹೀ ನಾಹೀ, ಸಗಳಂ ನಾರ್ಮಲ್ ಆಹೆ,” ಎಂದರು.

ಸಾವಕಾರರು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತುಬಿಟ್ಟರು. ಅಲ್ಲಿಂದಲೇ ನನಗೆ ಫೋನು ಮಾಡಿದರು.

“ಮಾಸ್ತರ, ಕೆಲಸ ಕೆಟ್ಟತು. ಡಾಕ್ಟರ ಏನೂ ಇಲ್ಲ ಅಂದ್ರು.”

“ಚಲೋನ ಆತಲ್ಲರಿ?”

“ನೀವು ಸಾಲಿ ಕಲ್ಸಿದವರು, ನಿಮಗ ದುನಿಯಾ ತಿಳಿಯಂಗಿಲ್ಲ. ನಮ್ಮ ಕಾಕಾಗೂ ಹಿಂಗ ಏನೂ ಇಲ್ಲ ಅಂದಿದ್ರು. ಹದಿನೆಂಟನೇ ದಿನಕ್ಕ ಹ್ವಾದ. ಬ್ಯಾನಿ ದೊಡ್ಡದಿತ್ತಂದ್ರ ಡಾಕ್ಟರ ಬಾಯಿ ಬಿಡಂಗಿಲ್ಲ.”

ಆಗಲೇ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ ಎಂಬುದು ಒಂದು ನೆಪ. ನನಗೂ ಅಂಜಿಕೆಯಾಗಿತ್ತು ಎಂಬುದು ಖರೆ.

ಸುದ್ದಿ ಸೋಲಾಪುರದಿಂದ ಹೊರಟಾಗ ‘ಹೊಟ್ಟೆಬೇನೆ’ ಇತ್ತು, ಅಕ್ಕಲಕೋಟ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ‘ಕರುಳು’ ಆಯಿತು, ತಡವಳ ಮುಟ್ಟುವಾಗ ‘ತಿಂಗಳೊಳಗ’ ಎಂದಾಗಿತ್ತು. ಮರುದಿನವೇ ಅವನ ತಾಯಿ ತುಳಜಾಬಾಯಿ ಸೆರಗಿನ ತುದಿಗೆ ಬೀರೋಬಾನ ಭಂಡಾರ ಕಟ್ಟಿಕೊಂಡು ಹನ್ನೊಂದು ಮಂದಿ ಬಳಗದೊಂದಿಗೆ ಸೋಲಾಪುರಕ್ಕೆ ಬಂದಿಳಿದಳು. ಮಗನ ಹಣೆ, ಹೊಟ್ಟೆ, ಬೆನ್ನು ಎಲ್ಲ ಕಡೆ ಅರಿಶಿನದ ಪುಡಿ ಬಳಿದಳು. ಬಂದವರು ಒಬ್ಬೊಬ್ಬರಾಗಿ ಅವನ ಪಕ್ಕ ಕೂತು, ಅವನು ಸಣ್ಣವನಿದ್ದಾಗ ಎಷ್ಟು ಒಳ್ಳೆಯವನಿದ್ದ ಎಂದು ಹೇಳತೊಡಗಿದರು. ಒಳ್ಳೆಯ ಮಾತು ಕೇಳಿ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಕಂಡಿಲ್ಲ.

“ಯವ್ವಾ, ನನಗ ಏನೂ ಆಗಿಲ್ಲ.”

“ಹೌದ ನನ್ನ ಮಗನ, ಏನೂ ಆಗಿಲ್ಲ, ಏನೂ ಆಗಿಲ್ಲ,” ಎಂದು ಅವಳು ಗೊಳೋ ಎಂದು ಅತ್ತಳು.

ನಮ್ಮ ಅಕ್ಕಲಕೋಟದಲ್ಲಿ ‘ಗಡಿನಾಡ ಕನ್ನಡ ಬಳಗ’ ಎಂದು ಒಂದು ಸಂಘವಿದೆ. ಅದರ ಅಧ್ಯಕ್ಷ ಸಿದ್ಧರಾಮಣ್ಣ, ಗೊಬ್ಬರದ ವ್ಯಾಪಾರಿ. ಬರುವ ದೀಪಾವಳಿಗೆ ಅಮೋಗಸಿದ್ಧನಿಗೆ ಸತ್ಕಾರ ಮಾಡೋಣ ಎಂದು ಸಂಘ ಮೊದಲೇ ಠರಾಯಿಸಿತ್ತು. ಸುದ್ದಿ ಕೇಳಿದ್ದೇ ತುರ್ತು ಸಭೆ ಕರೆದರು.

“ದೀಪಾವಳಿ ಮಟಾ ಕಾದ್ರ ಹಾರ ಫೋಟೋಕ್ಕ ಹಾಕಬೇಕಾದೀತು,” ಎಂದರು ಸಿದ್ಧರಾಮಣ್ಣ. “ಬರೂ ಐತವಾರನ ಮಾಡೂಣು. ಏನ್ ಮಾಸ್ತರ?”

ಸಭೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ನಾನು ತಲೆಯಾಡಿಸಿದೆ. ಎರಡು ದಿನದಲ್ಲಿ ಆಮಂತ್ರಣ ಪತ್ರಿಕೆ ಬಂತು. ಕೆಳಗಿನ ಸಾಲು ದಪ್ಪ ಅಕ್ಷರದಲ್ಲಿತ್ತು: ‘ಸ್ವತಃ ಕವಿಗಳಿಂದ ತಮ್ಮ ಕೃತಿಯ ವಾಚನ’. ಅಮೋಗಸಿದ್ಧ ಪತ್ರಿಕೆಯನ್ನು ಸಂಡಾಸಕ್ಕೆ ಒಯ್ದು ಅದರ ಅರ್ಥ ತಿಳಿದುಕೊಂಡ. ಅವತ್ತು ಅವನು ಹೊರಗೆ ಬರಲು ಒಂದು ತಾಸು ಹಿಡಿಯಿತು.

ಗುರುವಾರ ಮುಂಜಾನೆ ನನ್ನ ಮನೆಯ ಮುಂದೆ ನಿಂತಿದ್ದ.

“ಮಾಸ್ತರ, ಮೂರು ದಿವಸದಾಗ ಕನ್ನಡ ಕಲಸ್ರಿ.”

ನನ್ನ ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಪಣಕ್ಕಿಟ್ಟು ಕಲಿಸಿದೆ. ಗಂಜಿಯ ನಿಶ್ಶಕ್ತಿಯೋ ಅಂಜಿಕೆಯೋ, ಸಂಜೆಯೊಳಗೆ ಅವನು ‘ಅ’ದಿಂದ ‘ಊ’ ತನಕ ಬಂದು ಅಲ್ಲಿಯೇ ಕುಸಿದ. ‘ಋ’ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಕೊನೆಗೆ ನಾನೇ ಒಂದು ಯುಕ್ತಿ ಹೇಳಿದೆ.

“ಹಾಡ ನಿನಗ ಬಾಯಿಪಾಠ ಅದಾವಿಲ್ಲೋ? ಪುಸ್ತಕ ತಕ್ಕೊಂಡು ಹಿಡಿ. ಕಣ್ಣ ಪುಸ್ತಕದಾಗ ಇಡು. ಬಾಯಿಲೆ ಮನಸಿಗಿ ಬಂದದ್ದ ಹಾಡ ಹೇಳು. ನಡುನಡುವ ಹಾಳಿ ತಿರುವು. ಯಾವ ಮಗಾ ಬಂದು ನೋಡ್ತಾನ?”

ಯುಕ್ತಿಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಸಿದ್ಧರಾಮಣ್ಣನಲ್ಲಿ.

ಐತವಾರ ಮಂಗಲ ಕಾರ್ಯಾಲಯ ತುಂಬಿತ್ತು. ತಡವಳದಿಂದ ಎರಡು ಟೆಂಪೊ ಮಂದಿ ಬಂದಿದ್ದರು. ಸತ್ಕಾರಕ್ಕೆ ಬಂದವರ ಹಾಗಿರಲಿಲ್ಲ, ಮಣ್ಣಿಗೆ ಬಂದವರ ಹಾಗಿದ್ದರು. ಮೊದಲ ಸಾಲಿನಲ್ಲಿ ತುಳಜಾಬಾಯಿ ಬಾಯಿಗೆ ಸೆರಗು ಹಚ್ಚಿ ಕೂತಿದ್ದಳು. ಪಕ್ಕದಲ್ಲಿ ಸಾವಕಾರರು, ಕಸ್ತೂರಬಾಯಿ, ಅವರ ಕಾಲ ಹತ್ತಿರ ಓಂಕಾಳಿನ ನೀರಿನ ಥರ್ಮಾಸು. ಸ್ವಾಗತಕ್ಕೆ ಡೊಳ್ಳು ಬಾರಿಸಲು ಭೀಮಣ್ಣನ ಮೇಳವನ್ನೇ ಕರೆಸಿದ್ದರು. ಬಾರಿಸಿ ಮುಗಿಸಿ ಭೀಮಣ್ಣ ಒಂದು ಮೂಲೆಯಲ್ಲಿ ಡೊಳ್ಳಿಗೆ ಕೈ ಊರಿ ನಿಂತಿದ್ದ. ತನ್ನನ್ನು ಗೆದ್ದವನು ಸಾಯುತ್ತಿದ್ದಾನೆ ಎಂದು ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಅಮೋಗಸಿದ್ಧ ಮೈಕಿನ ಮುಂದೆ ಬಂದ. ನಾನು ಮೂರನೆಯ ಸಾಲಿನಿಂದ ಅವನಿಗೆ ಕಣ್ಣಿನಲ್ಲೇ ಧೈರ್ಯ ಹೇಳಿದೆ. ಅವನು ಪುಸ್ತಕ ತೆರೆದ, ಕಣ್ಣು ಪುಸ್ತಕದಲ್ಲಿಟ್ಟ, ಉಸಿರು ತೆಗೆದುಕೊಂಡ. ಅಷ್ಟರಲ್ಲಿ ಸಿದ್ಧರಾಮಣ್ಣ ಪ್ರೀತಿಯಿಂದ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು.

“ಕವಿಗಳ, ನನ್ನದೊಂದು ವಿನಂತಿ. ಮೂವತ್ತೇಳನೇ ಪಾನು ಓದ್ರಿ. ನಿನ್ನಿ ನಮ್ಮ ಮನ್ಯಾಗ ಮೊಮ್ಮಗಳ ಕಡಿಂದ ಓದಿಸಿದೆ. ಎಲ್ಲಾರೂ ಅತ್ತೆವು.”

ಅಮೋಗಸಿದ್ಧ ಹಾಳಿ ತಿರುವಿ ಮೂವತ್ತೇಳಕ್ಕೆ ಬಂದ. ಅಂಕಿ ಸಿಕ್ಕಿತು. ಆದರೆ ಅಲ್ಲಿರುವುದು ಅವನ ಯಾವ ಹಾಡು? ನನ್ನ ಕಡೆ ನೋಡಿದ. ನನಗೂ ನೆನಪಾಗಲಿಲ್ಲ. ನನಗೆ ಬಾಯಿಪಾಠ ಇದ್ದದ್ದು ಮೊದಲ ಇಪ್ಪತ್ತೆರಡು ಪುಟ ಮಾತ್ರ.

ಮೈಕು ಅವನ ಉಸಿರನ್ನು ಇಡೀ ಸಭೆಗೆ ಕೇಳಿಸುತ್ತಿತ್ತು. ಯಾರೋ ಕುರ್ಚಿ ತಂದರು. ಕಸ್ತೂರಬಾಯಿ ಥರ್ಮಾಸಿನ ಮುಚ್ಚಳ ತೆಗೆದರು. ತುಳಜಾಬಾಯಿ ಅಳಲು ಶುರುಮಾಡಿದಳು. ಅಮೋಗಸಿದ್ಧ ತಾಯಿಯನ್ನು ನೋಡಿದ, ಪುಸ್ತಕ ಮುಚ್ಚಿದ.

“ನನಗ ಕನ್ನಡ ಓದಾಕ ಬರಂಗಿಲ್ಲರಿ,” ಎಂದ.

ಮರುಕ್ಷಣ ಸಿದ್ಧರಾಮಣ್ಣ ಚಪ್ಪಾಳೆ ತಟ್ಟಿದರು. “ನೋಡ್ರಿ, ನೋಡ್ರಿ! ಇದಕ್ಕ ವಿನಯ ಅಂತಾರ! ಪುಸ್ತಕ ಬರದ ಮನಷ್ಯಾ ಏನಂತಾನ ಕೇಳ್ರಿ!” ಇಡೀ ಸಭೆ ತಟ್ಟಿತು.

“ವಿನಯ ಅಲ್ಲರಿ. ಖರೇನ ಬರಂಗಿಲ್ಲ. ‘ಊ’ ಮಟಾ ಅಷ್ಟೇ ಬರ್ತದ.”

ಇನ್ನೂ ಜೋರಾಗಿ ತಟ್ಟಿದರು. ಸಾವಕಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಮತ್ತ ನನಗ ಹೊಟ್ಟಿಬ್ಯಾನಿನೂ ಇಲ್ಲರಿ! ಸಂಡಾಸದಾಗ ಕುಂತು ಮೊಬೈಲದಾಗ ಮರಾಠಿ ಮಾಡಿ ಓದತಿದ್ದೆ!”

“ಬ್ಯಾನಿ ನುಂಗ್ಕೊಂಡು ನಗಸಾಕತ್ತಾನ, ಪಾಪ,” ಎಂದರು ಕಸ್ತೂರಬಾಯಿ. ಆದರೆ ಸಾವಕಾರರ ಕೈ ಮಾತ್ರ ತಾನಾಗಿಯೇ ಕಿಸೆಯ ಮೊಬೈಲಿನ ಮೇಲೆ ಹೋಯಿತು. ಅವರು ವ್ಯಾಪಾರಸ್ಥರು, ಲೆಕ್ಕ ಬೇಗ ಹೊಂದುತ್ತದೆ. ಎದ್ದು ನಿಂತರು.

“ಏ ಸಿದ್ಧರಾಮಣ್ಣ, ಇಂವ ಖರೇ ಹೇಳಾಕತ್ತಾನ್ರಿ. ಪತ್ರ ಕೊಟ್ಟಾಗ ಒಮ್ಮೆನೂ ಸಂಡಾಸಕ್ಕ ಹೋಗದ ಓದಿಲ್ಲ.”

ಚಪ್ಪಾಳೆ ಹರಿದು ಹರಿದು ನಿಂತಿತು. ಹಿಂದಿನಿಂದ ಒಂದು ದನಿ, “ಹಂಗಾದ್ರ ಪುಸ್ತಕ ಯಾರ ಬರದ್ರು?” ಎಂದಿತು. ಇನ್ನೊಂದು ದನಿ, “ಮತ್ಯಾರು? ಮಾಸ್ತರ!” ಎಂದಿತು. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅಮೋಗಸಿದ್ಧ ಯಾವುದಕ್ಕೆ ಅಂಜಿ ಇಷ್ಟು ದಿನ ಗಂಜಿ ಕುಡಿದಿದ್ದನೋ ಅದೇ ಈಗ ಅವನ ಕಣ್ಣೆದುರಿಗೆ ನಡೆಯುತ್ತಿತ್ತು. ಅವನು ಮುಚ್ಚಿದ ಪುಸ್ತಕವನ್ನು ಎದೆಗೆ ಅವಚಿಕೊಂಡ.

ನಾನು ಎದ್ದು “ಅಲ್ಲ, ಹಾಡು ಅವನವೇ” ಎನ್ನಬೇಕಿತ್ತು. ಎದ್ದೆ ಕೂಡ. ಆದರೆ ಎದ್ದ ಕೂಡಲೇ ಎಲ್ಲರೂ ನನ್ನನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಸಿದ್ಧರಾಮಣ್ಣ ಹಾರ ಹಿಡಿದ ಕೈಯನ್ನು ನನ್ನ ಕಡೆ ತಿರುಗಿಸಿ, “ಮಾಸ್ತರ, ಬರ್ರಿ ಮ್ಯಾಲ,” ಎಂದರು. ಹೇಳಬೇಕಾದ ಮಾತು ನಾಲಿಗೆಯ ಮೇಲೆಯೇ ಕೂತುಬಿಟ್ಟಿತು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ನನ್ನ ಕಾಲುಗಳು ವೇದಿಕೆಯ ಕಡೆ ಎರಡು ಹೆಜ್ಜೆ ಇಟ್ಟವು.

“ನಿಂದರ್ರಿ ಮಾಸ್ತರ!”

ಭೀಮಣ್ಣ. ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ನಡುಹಾದಿಗೆ ಬಂದು ನಿಂತ.

“ಇಂವಗ ಓದಾಕ ಬರಂಗಿಲ್ಲ? ಇರಬಹುದು. ನನಗೂ ಬರಂಗಿಲ್ಲ, ನಮ್ಮಪ್ಪಗೂ ಬರತಿದ್ದಿಲ್ಲ. ಆದ್ರ ಹಾಡ ಇವನವು ಅಲ್ಲ ಅಂದ್ರಿ ಅಂದ್ರ ಜಗಳ ಆಗ್ತದ ನೋಡ್ರಿ! ಮೂರು ವರ್ಷ ಇವನ ಮುಂದ ಡೊಳ್ಳ ಕೆಳಗ ಇಟ್ಟಂವ ನಾ. ಇಂವ ಖೊಟ್ಟಿ ಇದ್ರ, ಖೊಟ್ಟಿ ಮನಷ್ಯಾಗ ಸೋತಂವ ನಾ ಏನಾದೆ? ನಾಗಣಸೂರಾಗ ಹ್ಯಾಂಗ ಮುಖ ತೋರಸ್ಲಿ?”

ಭೀಮಣ್ಣ ನನ್ನ ಕಡೆ ತಿರುಗಿದ.

“ಮಾಸ್ತರದು ಅಂತೀರಿ? ಚಲೋ ಆತು. ಸವಾಲ ಹಾಕ್ತೀನಿ, ಮಾಸ್ತರ ಜವಾಬ ಕೊಡಲಿ.”

ಡೊಳ್ಳಿನ ಪೆಟ್ಟು ಬಿತ್ತು. ಕಾರ್ಯಾಲಯದ ಛಾವಣಿಯ ತಗಡುಗಳೆಲ್ಲ ನಡುಗಿದವು.

ಅಕ್ಷರ ಬಲ್ಲ ಜಾಣನ ಕೇಳೋ,
ಅಕ್ಷರ ಬಾರದ ತಮ್ಮನ ಕೇಳೋ,
ಮೊದಲ ಹುಟ್ಟಿದ್ದು ಹಾಡೋ, ಅಕ್ಷರೋ?
ನಿಂತ ಕಾಲಿಲೆ ಹೇಳೋ!

ಡೊಳ್ಳು ನಿಂತಿತು. ಸಭೆ ನನ್ನ ಬಾಯಿ ನೋಡಿತು. ಛಂದಸ್ಸು, ವ್ಯಾಕರಣ, ಇಪ್ಪತ್ತೆರಡು ಪುಟದ ವಿದ್ವತ್ತು, ಎಲ್ಲವನ್ನೂ ಕರೆದೆ. ಯಾವುದೂ ಬರಲಿಲ್ಲ. ನಾನು ಕೆಮ್ಮಿದೆ. ಮೈಕಿಲ್ಲದಿದ್ದರೂ ಅದು ಎಲ್ಲರಿಗೂ ಕೇಳಿಸಿತು.

ಆಗ ವೇದಿಕೆಯ ಮೇಲಿಂದ ಜವಾಬು ಬಂತು. ಅಮೋಗಸಿದ್ಧ ಪುಸ್ತಕವನ್ನು ಇನ್ನೂ ಅವಚಿಕೊಂಡೇ ನಿಂತಿದ್ದ, ಅದನ್ನು ನಾನು ಕಣ್ಣಾರೆ ಕಂಡೆ. ಆದರೆ ಎದುರಿನಿಂದ ಸವಾಲು ಬಿದ್ದ ಮೇಲೆ ಸುಮ್ಮನಿರುವುದು ಆ ಮನೆತನಕ್ಕೆ ಗೊತ್ತಿಲ್ಲ. ಅಂಜಿಕೆಯನ್ನು ಕೇಳದೆಯೇ ಬಾಯಿ ಹಾಡಿತು.

ತೊಟ್ಟಿಲ ಕೂಸು ಮಲಗೂದಕ್ಕ ಅಣ್ಣಾ
ಅಂಕಲಿಪಿ ಕೇಳೀತೇನೋ?
ಹಡದವ್ವ ಹಾಡಿದ ಜೋಗುಳದಾಗ
ಅಕ್ಷರ ಹುಡುಕೀತೇನೋ?
ಹಾಡು ಹಿರಿಯಕ್ಕ, ಅಕ್ಷರ ನಡುವಿನಕ್ಕ,
ಕಡಿಗಿ ಹುಟ್ಟೀದ ಕೂಸು ಅಂಜಿಕಿಯೋ,
ನನ್ನ ಹೊಟ್ಟ್ಯಾಗದ, ನಿನ್ನ ಹೊಟ್ಟ್ಯಾಗದ,
ನಿಂತ ಮಾಸ್ತರನ ಹೊಟ್ಟ್ಯಾಗೂ ಅದಯೋ!

ತಡವಳದ ಎರಡು ಟೆಂಪೊ ಮಂದಿ ಒಮ್ಮೆಲೇ ಎದ್ದು ನಿಂತು ಸಿಳ್ಳೆ ಹೊಡೆದರು. ತುಳಜಾಬಾಯಿ ಸೆರಗಿನ ಗಂಟು ಬಿಚ್ಚಿ ಉಳಿದ ಭಂಡಾರವನ್ನೆಲ್ಲ ಮೇಲಕ್ಕೆ ತೂರಿದಳು. ಭೀಮಣ್ಣ ಕೊರಳಿನ ಡೊಳ್ಳು ತೆಗೆದು, ಎಲ್ಲರೂ ನೋಡುವ ಹಾಗೆ, ನೆಲದ ಮೇಲಿಟ್ಟ.

“ನಾಕನೇ ವರ್ಷ,” ಎಂದ. ಅವನ ಮೀಸೆಯ ಕೆಳಗೆ ನಗು ಕಾಣುತ್ತಿತ್ತು.

ಹಾರ ಹೋಗಬೇಕಾದ ಕೊರಳಿಗೆ ಹೋಯಿತು. ನಾನು ನಡುಹಾದಿಯಲ್ಲಿ, ಎರಡು ಹೆಜ್ಜೆ ಮುಂದೆ ಬಂದವನು, ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ನಿಂತಿದ್ದೆ. ಮಂದಿಯೆಲ್ಲ ನನ್ನನ್ನೇ ನೋಡಿ ನಗುತ್ತಿದ್ದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟತೊಡಗಿದೆ. ತಟ್ಟುತ್ತಿರುವ ಕೈ ನಡುಗುವುದು ಯಾರಿಗೂ ಕಾಣುವುದಿಲ್ಲ.